ಚಿನ್ನಕ್ಕಿಲ್ಲದ ಗುಣ

ಕೋಲಾರದ ಚಿನ್ನದ ಗಣಿಗಳಿಗೆ 1902ರಲ್ಲಿ ಶಿವನಸಮುದ್ರದಿಂದ ವಿದ್ಯುಚ್ಛಕ್ತಿ ಬಂದಿತೆಂಬುದನ್ನು ನಮ್ಮ ಸೀಮೆಯಲ್ಲಿ ಅರಿಯದವರಿಲ್ಲ. 92 ಮೈಲಿ ತಂತಿಯ ಮೇಲೆ ಹರಿದು ಬಂದ ಆ ಶಕ್ತಿಯಲ್ಲಿ ಒಂದಂಶ ದಾರಿಯಲ್ಲೇ ಶಾಖವಾಗಿ ಸೋರಿಹೋಗುತ್ತಿತ್ತು. ಅದು ತಂತಿಯ ರೋಧಕ್ಕೆ ತೆರಬೇಕಾದ ಸುಂಕ. ಈ ಸುಂಕವನ್ನು ಕೇಳದ ಲೋಹಗಳೂ ಉಂಟೆಂದು ನನಗೆ ತಿಳಿಸಿದವಳು ನನ್ನ ತಂಗಿ. ನಾನು ಚರಿತ್ರೆಯ ವಿದ್ಯಾರ್ಥಿ. ಅವಳೋ ಭೌತಶಾಸ್ತ್ರವನ್ನೇ ಓದುವೆನೆಂದು ಹಟ ಹಿಡಿದವಳು. "ಅದನ್ನೋದಿದರೆ ಅನ್ನ ಹುಟ್ಟೀತೆ?" ಎಂಬುದು ತಂದೆಯವರ ಪ್ರಶ್ನೆ. ಬಂಗಾರಪೇಟೆಯ ನಮ್ಮ ಮನೆಯಲ್ಲಿ ಈ ವಾದ ಇನ್ನೂ ಮುಗಿದಿಲ್ಲ.

1911ರಲ್ಲಿ ಹಾಲೆಂಡಿನ ಲೈಡನ್ನಿನಲ್ಲಿ ಕಾಮರ್ಲಿಂಗ್ ಓನೆಸ್ ಪಾದರಸವನ್ನು ಸೊನ್ನೆಗೂ ಕೆಳಗೆ 269 ಡಿಗ್ರಿ ಸೆಂಟಿಗ್ರೇಡಿನವರೆಗೆ ತಣಿಸಿದಾಗ ಅದರ ರೋಧ ಥಟ್ಟನೆ ಮಾಯವಾಯಿತು. ಪಾದರಸ ಅತಿವಾಹಕವಾಯಿತು. ಪಾತ್ರೆಗೆ ಕಲಾಯಿ ಹಾಕುವ ತವರಕ್ಕೂ ಅಂಥ ಚಳಿಯಲ್ಲಿ ಈ ಭಾಗ್ಯವುಂಟು. ನಮ್ಮ ಅಚ್ಚ ಚಿನ್ನದಲ್ಲಾದರೋ, ಎಷ್ಟು ತಣಿಸಿದರೂ ಈ ಗುಣ ಕಂಡುಬಂದಿಲ್ಲ!

ಅತಿವಾಹಕವನ್ನು ಬಹು ತೆಳುವಾದ ಹಾಳೆಯಾಗಿಸಿದರೆ ಸ್ಥಿತ್ಯಂತರದ ರೀತಿಯೇ ಬೇರೆ. ಹಾಳೆಯಲ್ಲಿ ವಿದ್ಯುತ್ತಿನ ಪುಟ್ಟ ಸುಳಿಗಳೇಳುತ್ತವೆ. ಒಂದು ಬಲಕ್ಕೆ ತಿರುಗಿದರೆ ಇನ್ನೊಂದು ಎಡಕ್ಕೆ. ತಂಪಿನಲ್ಲಿ ಅವು ಜೋಡಿಜೋಡಿಯಾಗಿ ಬೆಸೆದಿರುವುದರಿಂದ ಪ್ರವಾಹಕ್ಕೆ ಅಡ್ಡಿಯಿಲ್ಲ. ಶಾಖ ಒಂದು ಮಿತಿಯನ್ನು ದಾಟಿದೊಡನೆ ಜೋಡಿಗಳು ಅಗಲುತ್ತವೆ. ಒಂಟಿ ಸುಳಿಗಳು ಅಲೆದಾಡತೊಡಗಿ ರೋಧ ಮರಳುತ್ತದೆ. ಇಂಥ ಸ್ಥಿತ್ಯಂತರದ ಗಣಿತವನ್ನು ರಷ್ಯದ ಬೆರೆಜಿನ್ಸ್ಕಿಯೂ, 1973ರಲ್ಲಿ ಬ್ರಿಟನ್ನಿನ ಕಾಸ್ಟರ್ಲಿಟ್ಜ್ ಮತ್ತು ಥೌಲೆಸ್ ಅವರೂ ರೂಪಿಸಿದರು. ತಮ್ಮ ಸಿದ್ಧಾಂತ ಅತಿವಾಹಕಗಳಿಗೆ ಒಗ್ಗದೆಂದೇ ಈ ಇಬ್ಬರು ಆಗ ಬರೆದಿದ್ದರು. ಹಾಳೆ ತೆಳುವಾದಷ್ಟೂ ಸುಳಿಗಳ ಪರಸ್ಪರ ಸೆಳೆತ ದೂರದವರೆಗೆ ಮುಟ್ಟುವುದರಿಂದ, ಅಲ್ಲಿಗೂ ಒಗ್ಗೀತೆಂದು 1979ರಲ್ಲಿ ಬೇರೆಯವರು ತೋರಿಸಿದರು. ಕಾಸ್ಟರ್ಲಿಟ್ಜ್, ಥೌಲೆಸ್ ಅವರಿಗೆ ನೊಬೆಲ್ ಬಹುಮಾನದ ಪಾಲು ಬಂದದ್ದು 2016ರಲ್ಲಿ.

43 ವರ್ಷ! ತಂದೆಯವರ ಅನುಮಾನಕ್ಕೆ ಇದೇ ಸಾಕ್ಷಿಯಲ್ಲವೇ ಎಂದು ಮಿತ್ರರು ಕೇಳಬಹುದು. ಆದರೆ ನಮ್ಮ ಅಜ್ಜ ಗಣಿಯ ಕೆಲಸಕ್ಕೆ ಸೇರಿದ್ದು ಅದೊಂದೇ ಶಾಶ್ವತವೆಂಬ ನಂಬಿಕೆಯಿಂದ. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಶಾಶ್ವತವೆಂದು ನೆಚ್ಚಿದ್ದು ನಿಂತುಹೋಯಿತು. ಅನ್ನ ಹುಟ್ಟದೆಂಬ ಆ ಲೆಕ್ಕ ಇಂದಿಗೂ ಪ್ರಯೋಗಶಾಲೆಗಳಲ್ಲಿ ದುಡಿಯುತ್ತಿದೆ. ತಂಗಿಯ ಅರ್ಜಿಗೆ ತಂದೆಯವರ ರುಜು ಇನ್ನೂ ಬಿದ್ದಿಲ್ಲ. ಚರಿತ್ರೆಯ ವಿದ್ಯಾರ್ಥಿಯಾದ ನಾನು ಅವಳ ಪರವಾಗಿ ಒಡ್ಡಬಲ್ಲ ಸಾಕ್ಷ್ಯ ಇಷ್ಟೇ.