ಹಳಿಗಳ ಅಡಿಯ ಮಣ್ಣು

ರೈಲು ನಿಲ್ದಾಣವೆಂದರೆ ಬಂದುಹೋಗುವವರು ಗಳಿಗೆ ಹೊತ್ತು ನಿಲ್ಲುವ ತಾಣವೆಂದು ನಾವು ಬಗೆಯುತ್ತೇವೆ. ಅದಕ್ಕೂ ಒಂದು ಚರಿತ್ರೆಯುಂಟು. ಆ ಚರಿತ್ರೆಯಲ್ಲಿ ನಮ್ಮ ಹಿರಿಯರ ಬೆವರೂ ಬೆರೆತಿದೆ. ಇದು ನನಗೆ ಮನದಟ್ಟಾದದ್ದು ಬೆಂಗಳೂರು ನಗರ ನಿಲ್ದಾಣವನ್ನು ಮೊದಲ ಬಾರಿಗೆ ಕಂಡ ದಿನ.

ನಮ್ಮೂರು ಚನ್ನಪಟ್ಟಣ ತಾಲ್ಲೂಕಿನ ವಿರೂಪಾಕ್ಷಿಪುರ. ಆಗ ನಾನು ಪ್ರೌಢಶಾಲೆಯಲ್ಲಿ ಓದುತ್ತಿದ್ದೆ. ಸೋದರಮಾವನೊಡನೆ ಚನ್ನಪಟ್ಟಣದಲ್ಲಿ ರೈಲು ಹತ್ತಿದೆ. ರಾಮನಗರದ ಬಂಡೆಬೆಟ್ಟಗಳು, ಬಿಡದಿ, ಕೆಂಗೇರಿ ಒಂದೊಂದಾಗಿ ಹಿಂದೆ ಸರಿದವು. ನಗರ ನಿಲ್ದಾಣದಲ್ಲಿ ಇಳಿದಾಗ ಜಾತ್ರೆಯ ನಡುವೆ ನಿಂತಂತಾಯಿತು. ಕೆಂಪಂಗಿಯ ಕೂಲಿಗಳು ಪೆಟ್ಟಿಗೆಗಳನ್ನು ತಲೆಯ ಮೇಲಿಟ್ಟು ಧಾವಿಸುತ್ತಿದ್ದರು. ಕಾಫಿ ಮಾರುವವರ ಕೂಗಿನಲ್ಲಿ ಧ್ವನಿವರ್ಧಕದ ಮಾತು ಮುಳುಗಿಹೋಗುತ್ತಿತ್ತು.

ಮಾವ ನನ್ನನ್ನು ಮೇಲುಸೇತುವೆಯ ಮೇಲೆ ನಿಲ್ಲಿಸಿ, “ಅಲ್ಲಿ ನೋಡಪ್ಪ, ಆ ಅಗಲವಾದ ಹಳಿ ಮದರಾಸಿನ ಕಡೆಯದು, ನಾವು ಬಂದದ್ದು ಈ ಕಿರಿದಾದ ಹಳಿಯ ಮೇಲೆ” ಎಂದರು. ಮದರಾಸಿನ ಕಡೆಯ ರೈಲು 1864ರಲ್ಲಿಯೇ ಬೆಂಗಳೂರಿನ ದಂಡು ಪ್ರದೇಶಕ್ಕೆ ಬಂದಿತ್ತು. ಮೈಸೂರಿನ ಕಡೆಗೆ ಮಾತ್ರ ಎತ್ತಿನ ಗಾಡಿಯೇ ಗತಿಯಾಗಿತ್ತು.

“ನಮ್ಮ ಹಳಿಗೆ ಮಣ್ಣು ಹೊತ್ತವರು ಯಾರು, ಗೊತ್ತೆ?” ಎಂದು ಮಾವ ಕೇಳಿದರು. ನಾನು ಸುಮ್ಮನಿದ್ದೆ. “ಧಾತು, ಈಶ್ವರ ಸಂವತ್ಸರಗಳ ಬರದಲ್ಲಿ ಹಸಿದವರು” ಎಂದರು.

ಆ ಬರದ ಮಾತನ್ನು ಅಜ್ಜಿಯ ಬಾಯಿಂದ ಕೇಳಿದ್ದೆ. 1876ರಿಂದ 1878ರವರೆಗೆ ಮೈಸೂರು ಸೀಮೆಯನ್ನು ಸುಟ್ಟ ಬರವದು. ರಾಗಿಯ ಹಗೇವುಗಳು ಬರಿದಾದವು. ರೈಲಿನಲ್ಲಿ ಬೆಂಗಳೂರಿಗೆ ಬಂದ ಧಾನ್ಯವನ್ನು ಒಳನಾಡಿಗೆ ಸಾಗಿಸಲು ಗಾಡಿಗಳೇ ಬೇಕು. ಮೇವಿಲ್ಲದೆ ಎತ್ತುಗಳೂ ಸಾಯುತ್ತಿದ್ದವು. 1871ರ ಜನಗಣತಿಯಲ್ಲಿ 50 ಲಕ್ಷಕ್ಕೂ ಮಿಕ್ಕಿದ್ದ ಸಂಸ್ಥಾನದ ಜನಸಂಖ್ಯೆ 1881ರ ಹೊತ್ತಿಗೆ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಹಸಿದವರಿಗೆ ಕೂಲಿ ಕೊಡುವ ಪರಿಹಾರ ಕಾಮಗಾರಿಯಾಗಿ ಮೈಸೂರು ರೈಲುದಾರಿಯ ಕೆಲಸ ತೊಡಗಿತು. ಹಳಿ 1881ರಲ್ಲಿ ಚನ್ನಪಟ್ಟಣವನ್ನೂ 1882ರಲ್ಲಿ ಮೈಸೂರನ್ನೂ ಮುಟ್ಟಿತು. ಅಷ್ಟರಲ್ಲಿ ಬರ ಕಳೆದಿತ್ತು. ಮಣ್ಣು ಹೊತ್ತವರ ಹಸಿವಿಗೆ ಆ ರೈಲು ಒಂದು ಚೀಲ ಕಾಳನ್ನೂ ತರಲಿಲ್ಲ; ತಂದದ್ದೆಲ್ಲ ಅವರ ಮಕ್ಕಳು ಮೊಮ್ಮಕ್ಕಳಿಗೆ.

ಈಗ ಆ ನಿಲ್ದಾಣ ಕ್ರಾಂತಿವೀರ ಸಂಗೊಳ್ಳಿ ರಾಯಣ್ಣನ ಹೆಸರನ್ನು ಹೊತ್ತಿದೆ. ಕಿರಿದಾದ ಹಳಿ 1990ರ ದಶಕದಲ್ಲಿ ಮಾಯವಾಗಿ ಅಗಲವಾದ ಹಳಿ ಬಂದಿದೆ. ವಿದ್ಯುತ್ ರೈಲುಗಳು ಓಡುತ್ತಿವೆ. ನಮ್ಮ ಕಡೆಯ ವಿದ್ಯಾರ್ಥಿಗಳೂ ನೌಕರರೂ ಬೆಳಗ್ಗೆ ಬೆಂಗಳೂರಿಗೆ ಹೋಗಿ ಸಂಜೆಗೆ ಮನೆ ಸೇರುತ್ತಾರೆ. ಬುಟ್ಟಿ ಹೊತ್ತ ಆ ಗಂಡಸರ, ಹೆಂಗಸರ ಹೆಸರುಗಳನ್ನು ಬಲ್ಲವರಿಲ್ಲ. ಆದರೂ ಬಿಡದಿ, ರಾಮನಗರಗಳನ್ನು ದಾಟುವಾಗ ಕಿಟಕಿಯಿಂದ ಹಳಿಯ ಪಕ್ಕದ ಏರಿಯನ್ನು ನೋಡಿದರೆ, ಆ ಮಣ್ಣು ಯಾರ ತಲೆಯ ಮೇಲಿಂದ ಇಳಿದದ್ದೆಂದು ನೆನೆಯದೆ ಇರಲು ನನ್ನಿಂದಾಗದು.