ಕಟಗಿ ಸೀಳೋ ಕಾಲ

ಎಳ್ಳ ಅಮಾಸಿಗೆ ಇನ್ನು ಎಂಟು ದಿನ ಅನ್ನುವಾಗ ನಮ್ಮ ಮನೆಯಲ್ಲಿ ಒಂದು ಜಗಳ ಗ್ಯಾರಂಟಿ. "ಬರೇ ಶಾಲಿ ಶಾಲಿ ಅಂತಿ, ಅಮಾಸಿಗಿ ಒಲಿ ಹ್ಯಾಂಗ ಹತ್ತಬೇಕೋ ತಮ್ಮಾ?" ಅಂತ ಅವ್ವ ಶುರು ಮಾಡುತ್ತಾಳೆ. 2025ರ ಡಿಸೆಂಬರಿನಲ್ಲಿ ಈ ಜಗಳ ಸ್ವಲ್ಪ ಜೋರೇ ಆಯಿತು.

ನಮ್ಮದು ಉಮರ್ಗಾ ತಾಲ್ಲೂಕಿನ ಹಳ್ಳಿ. ರಾಜ್ಯ ಮಹಾರಾಷ್ಟ್ರ, ಆದರೆ ಇತ್ತ ಆಳಂದ, ಅತ್ತ ಬಸವಕಲ್ಯಾಣ ಎರಡೂ ಹತ್ತಿರ. ನಮ್ಮ ಕನ್ನಡ ಶಾಲೆಯ ಹುಡುಗರು ತಡವಾಗಿ ಬಂದರೆ "ಸರಪಣ ತರ್ಲಾಕ ಹೋಗಿದ್ದೆರಿ ಸರ್" ಅನ್ನುತ್ತಾರೆ. ಮರಾಠಿಯಲ್ಲಿ ಸರಪಣ ಅಂದರೆ ಉರುವಲು. "ಕಟಗಿ ಅನ್ರೋ" ಎಂದು ನಾನು ತಿದ್ದುತ್ತೇನೆ. ಮನೆಗೆ ಬಂದರೆ ನಮ್ಮವ್ವನೂ ಸರಪಣವೇ!

ಮನೆಯಲ್ಲಿ ಗ್ಯಾಸ್ ಇಲ್ಲವೇ ಅಂತ ನೀವು ಕೇಳಬಹುದು. ಇದೆ. ಚಹಾ, ಬೇಳೆ ಅದರ ಮೇಲೆಯೇ. ಆದರೆ ಚಳಿಗಾಲದಲ್ಲಿ ದಿನಾ ಹಂಡೆ ನೀರು ಕಾಸಿದರೆ 14.2 ಕೆಜಿಯ ಸಿಲಿಂಡರ್ ಎಷ್ಟು ದಿನ ಬಂದೀತು? ಅವ್ವನಿಗೆ ಕೆಮ್ಮು ಹೆಚ್ಚಾದ ಮೇಲೆ ಒಲೆಯನ್ನು ಅಡುಗೆಮನೆಯಿಂದ ಹಿತ್ತಲ ತಗಡಿನ ಕೆಳಗೆ ತಂದಿದ್ದೇವೆ. ಅಷ್ಟು ಮಾತ್ರ ಒಪ್ಪಿದಳು.

ಯಾವ ಕೆಲಸಕ್ಕೆ ಯಾವ ಕಟ್ಟಿಗೆ ಅನ್ನುವುದು ಅವ್ವನಿಗೆ ಬಾಯಿಪಾಠ. ರೊಟ್ಟಿಗೆ ತೊಗರಿ ಕಟಗಿ. ಬೇಗ ಹತ್ತುತ್ತದೆ, ಒಂದೆಳೆ ಹಿಂದೆ ಎಳೆದರೆ ಉರಿ ಕಡಿಮೆ, ಮುಂದೆ ದೂಡಿದರೆ ಜೋರು. ಹಂಡೆಗೆ ಜಾಲಿ ಬೊಡ್ಡೆ. ಹತ್ತುವುದು ತಡ, ಹತ್ತಿದರೆ ಕೆಂಡ ಬಹಳ ಹೊತ್ತು ಇರುತ್ತದೆ. ಹಾಲು ಕಾಯಲು ಕುಳ್ಳು. ಬೇವು ಮಾತ್ರ ಹಸಿ ಇದ್ದರೆ ಮುಟ್ಟುವ ಹಾಗಿಲ್ಲ, ಬರೀ ಹೊಗೆ.

ತೊಗರಿ ಕಟಗಿ ಡಿಸೆಂಬರ್-ಜನವರಿಯ ರಾಶಿಯಲ್ಲಿ ಸಿಗುತ್ತದೆ. ಒಣಗಿಸಿ ಬಣವಿ ಒಟ್ಟಿದರೆ ಮುಂದಿನ ಚಳಿಗಾಲದ ತನಕ ಬರಬೇಕು. ಹಿಂದೆ ಕೈಯಲ್ಲಿ ಬಡಿದು ರಾಶಿ ಮಾಡುವಾಗ ಉದ್ದುದ್ದ ಕಟಗಿ ಉಳಿಯುತ್ತಿತ್ತು. ಈಗ ಮಷಿನ್ನಿಗೆ ಹಾಕಿದರೆ ಅರ್ಧ ಹೊಟ್ಟಾಗಿ ಹೋಗುತ್ತದೆ. ಅದರ ಮೇಲೆ 2025ರ ಸೆಪ್ಟೆಂಬರಿನಲ್ಲಿ ಮರಾಠವಾಡದ ತುಂಬ ಸುರಿದ ಮಳೆ! ಇದ್ದ ಬಣವಿಯೂ ತೊಯ್ದು, ಕೆಳಗಿನದು ಗೆದ್ದಲು ಹತ್ತಿ ಕೊಳೆಯಿತು.

ಎಳ್ಳ ಅಮಾಸಿಯ ಮುನ್ನಾದಿನ ರಾತ್ರಿ ನಮ್ಮ ಒಲೆ ಆರುವುದೇ ಇಲ್ಲ. ಭಜ್ಜಿ, ಅಂಬಲಿ, ಸಜ್ಜೆ ರೊಟ್ಟಿ, ಕಡಬು ಎಲ್ಲ ಬೆಳಗಾಗುವುದರೊಳಗೆ ಹೊಲಕ್ಕೆ ಹೊರಡಬೇಕು. ಮರಾಠಿ ಮಂದಿಯೂ ಇದನ್ನು ವೇಳ ಅಮಾವಾಸ್ಯೆ ಅಂತ ಇಷ್ಟೇ ಜೋರಾಗಿ ಮಾಡುತ್ತಾರೆ. ಹಾಗಾಗಿ ಆ ವಾರ ಊರಲ್ಲಿ ಯಾರನ್ನೂ ಕಟ್ಟಿಗೆ ಕೇಳುವ ಹಾಗಿಲ್ಲ.

ಆಗ ನನ್ನ ಕಣ್ಣು ಹಿತ್ತಲಲ್ಲಿದ್ದ ಹಳೆಯ ತೊಲೆಯ ಮೇಲೆ ಬಿತ್ತು. ಆಳುದ್ದಕ್ಕಿಂತ ದೊಡ್ಡದು, ಕಪ್ಪಗಿದೆ, ಮೂವತ್ತು ವರ್ಷದಿಂದ ಬಿದ್ದುಕೊಂಡಿದೆ. ಸೀಳಿದರೆ ಅಮಾಸಿ ಏನು, ಸಂಕ್ರಾಂತಿವರೆಗೂ ಸಾಕು. ಕೊಡಲಿ ತಂದೆ.

ಅವ್ವ ಏನೂ ಬೈಯಲಿಲ್ಲ. ಬಂದು ತೊಲೆಯ ಮೇಲೆ ಕೂತುಬಿಟ್ಟಳು!

ಅದು ನಮ್ಮ ಹಳೆಯ ಮನೆಯ ತೊಲೆ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ನಾಲ್ಕು ಗಂಟೆಗೆ ಸ್ವಲ್ಪ ಮುಂಚೆ ಕಿಲ್ಲಾರಿ ಭೂಕಂಪ ಆದಾಗ ನಾನು ಮೂರನೇ ಇಯತ್ತೆ. ಆಗಿನ ಮನೆಗಳಿಗೆ ಕೆಸರಲ್ಲಿ ಕಟ್ಟಿದ ಕಲ್ಲಿನ ಗೋಡೆ, ಮೇಲೆ ತೊಲೆ-ಜಂತಿ, ಬೇಸಿಗೆಗೆ ತಂಪಿರಲಿ ಅಂತ ಅದರ ಮೇಲೆ ದಪ್ಪ ಮಣ್ಣು. ಆ ಮಣ್ಣೇ ಸಾವಿರಾರು ಜನರನ್ನು ಹೂತಿತು. ನಮ್ಮ ಮನೆಯಲ್ಲಿ ಇದೊಂದು ತೊಲೆಯ ತುದಿ ಗೋಡೆಯ ಮೂಲೆಗೆ ಸಿಕ್ಕು ಓರೆಯಾಗಿ ನಿಂತಿತು. ಅದರ ಕೆಳಗಿನ ಸಂದಿಯಲ್ಲಿ ಅವ್ವ, ನಾನು, ತಂಗಿ. ಪಡಸಾಲೆಯಲ್ಲಿ ಮಲಗಿದ್ದ ಅಜ್ಜ ಸಿಕ್ಕಿದ್ದು ಮಧ್ಯಾಹ್ನ.

ನನಗೆ ಇದೆಲ್ಲ ಗೊತ್ತಿಲ್ಲ ಅಂತಲ್ಲ. ಆದರೂ ಕೊಡಲಿ ತಂದೆನಲ್ಲ!

"ನಮ್ಮನ್ನ ಹೊತ್ತಿದ್ದು ತಮ್ಮಾ ಅದು. ಹ್ಯಾಂಗ ಉರಸಲಿ?" ಅಂದಳು. ಆಮೇಲೆ ತಾನೇ, "ಬದುವಿನ ಮ್ಯಾಲ ಬಳ್ಳಾರಿ ಜಾಲಿ ಒಣಗ್ಯಾವ, ಅವನ್ನ ಕಡ್ಕೊಂಡ ಬಾ. ಮುಳ್ಳ ಚುಚ್ಚಿದ್ರ ಚುಚ್ಚಲಿ" ಅಂದಳು.

ಚುಚ್ಚಿತು! ಎರಡು ಭಾನುವಾರದ ಕೆಲಸವನ್ನು ಒಂದೇ ಭಾನುವಾರ ಮಾಡಿದೆ. ನಾಲ್ಕು ದಿನ ಸೀಮೆಸುಣ್ಣ ಹಿಡಿಯಲು ಕಷ್ಟವಾಯಿತು. ಆದರೆ ಅಮಾಸಿಯ ರಾತ್ರಿ ಒಲೆ ಉರಿಯಿತು, ಭಜ್ಜಿ ಕುದಿಯಿತು, ಹೊತ್ತು ಏರುವ ಮೊದಲೇ ಬುಟ್ಟಿ ಹೊಲ ಸೇರಿತು.

ಈಗ ನನ್ನ ಚಳಿಗಾಲದ ಕೆಲಸದ ಪಟ್ಟಿಗೆ ಇನ್ನೊಂದು ಸೇರಿದೆ. ತೊಲೆಯನ್ನು ನೆಲದಿಂದ ಎತ್ತಿ ಎರಡು ಕಲ್ಲಿನ ಮೇಲಿಟ್ಟು, ಗೆದ್ದಲು ಹತ್ತದ ಹಾಗೆ ಟ್ರ್ಯಾಕ್ಟರಿನ ಸುಟ್ಟ ಎಣ್ಣೆ ಸವರಿದ್ದೇನೆ. ವರ್ಷಕ್ಕೊಮ್ಮೆ ಹೊರಳಿಸಬೇಕು. ಅವ್ವ ಬೆಳಗಿನ ಬಿಸಿಲಿಗೆ ಅದರ ಮೇಲೆ ಕೂತು ತೊಗರಿಕಾಯಿ ಬಿಡಿಸುತ್ತಾಳೆ.