ಅವ್ವನ 2,846 ಪಾಯಿಂಟು

1/8

"ನಂಬರ್ ಹೇಳ್ರಿ ಮೇಡಂ."

ಕೊಟ್ಟೂರಿನ ಬಟ್ಟೆ ಅಂಗಡಿ ಕೌಂಟರಿನಲ್ಲಿ ಆ ಹುಡುಗಿ ಕೇಳಿದ್ದು ಇಷ್ಟೇ. ಕಳೆದ ಡಿಸೆಂಬರ್. ಮಗಳ ಸ್ಕೂಲ್ ಡೇಗೆ ಲಂಗ-ದಾವಣಿ ತಗೊಂಡು ಬಿಲ್ಲಿಗೆ ನಿಂತಿದ್ದೆ. ಬಾಯಿಂದ ಬಂದದ್ದು ನನ್ನ ನಂಬರಲ್ಲ, ಅವ್ವನದು. ಆ ಅಂಗಡಿಯಲ್ಲಿ ಅದೊಂದೇ ನಂಬರು ಹೇಳಿ ರೂಢಿ.

ಹುಡುಗಿ ಅವ್ವನ ಹೆಸರು ಓದಿದಳು. "2,846 ಪಾಯಿಂಟ್ ಅದಾವ್ರಿ. ಮೈನಸ್ ಮಾಡ್ಲಾ? ಓಟಿಪಿ ಬರ್ತೈತಿ, ಹೇಳ್ರಿ."

"ಅವ್ರು ಇಲ್ಲಮ್ಮಾ."

"ಮನಿಯಾಗ ಇದ್ರ ಫೋನ್ ಹಚ್ಚಿ ಕೇಳ್ರಿ ಮೇಡಂ."

ಹಿಂದೆ ಇನ್ನೂ ನಾಲ್ಕು ಜನ ಬಿಲ್ಲಿಗೆ ನಿಂತಿದ್ದರು. ಅವ್ವ ತೀರಿಕೊಂಡು ಹದಿಮೂರು ತಿಂಗಳಾಗಿತ್ತು. ಅದನ್ನ ಆ ಹುಡುಗಿಗೆ ಹೇಗೆ ಹೇಳೋದು ಗೊತ್ತಾಗದೆ ದುಡ್ಡು ಕೊಟ್ಟು ಹೊರಗೆ ಬಂದೆ.

2/8

ಈ ಫೋಟೊದಲ್ಲಿ ಇರೋದು ಅವ್ವನ ಹೊಲಿಗೆ ಮಿಷನ್ನು. ಕೊಟ್ಟೂರಿಗೂ ಕೂಡ್ಲಿಗಿಗೂ ನಡುವಿನ ನಮ್ಮ ಹಳ್ಳಿಯಲ್ಲಿ ಮೂವತ್ತು ವರ್ಷ ಅವ್ವ ಜಂಪರ್ ಹೊಲಿದಳು.

ಬಸ್ಸಿನಲ್ಲಿ ಕೂತು ಲೆಕ್ಕ ಹಾಕಿದೆ. ನೂರು ರೂಪಾಯಿ ವ್ಯಾಪಾರಕ್ಕೆ ಒಂದು ಪಾಯಿಂಟು, ಒಂದು ಪಾಯಿಂಟಿಗೆ ಒಂದು ರೂಪಾಯಿ. ಅಂದ್ರೆ 2,84,600 ರೂಪಾಯಿ ವ್ಯಾಪಾರ! ಒಂದು ಸೀರೆ ತಗೊಳ್ಳೋಕೆ ಮೂರು ಸಲ ಅಂಗಡಿ ಹೊಕ್ಕು ಹೊರಗೆ ಬರೋ ಹೆಂಗಸು ಅಷ್ಟು ದುಡ್ಡಿನ ಬಟ್ಟೆ ಯಾವಾಗ ತಗೊಂಡಳು?

ಹಗರಿಬೊಮ್ಮನಹಳ್ಳಿ ಸ್ಟ್ಯಾಂಡಿನಲ್ಲಿ ಇಳಿಯೋ ಹೊತ್ತಿಗೆ ಹೊಳೀತು. ಅವ್ವ ತಗೊಂಡಿರಲೇ ಇಲ್ಲ, ಊರು ತಗೊಂಡಿತ್ತು. ನಮ್ಮೂರಲ್ಲಿ ಯಾರದೇ ಮನೆ ಮದುವೆ ಇರಲಿ, ಜವಳಿ ತೆಗೆಯೋಕೆ ಅವ್ವ ಬೇಕೇ ಬೇಕು. ಯಾವ ಸೀರೆ ಬಣ್ಣ ಬಿಡುತ್ತೆ, ಯಾವ ಬಟ್ಟೆ ಒಗೆದ ಮೇಲೆ ಕುಗ್ಗುತ್ತೆ ಅಂತ ಬೆರಳಲ್ಲಿ ಮುಟ್ಟಿ ಹೇಳೋಳು. ಬಿಲ್ ಮಾಡುವಾಗ ಮಾತ್ರ ಮೆಲ್ಲಗೆ, "ನನ್ ನಂಬರ್ ಹೇಳ್ರೆವ್ವಾ" ಅನ್ನೋಳು. ಯಾರೂ ಬೇಡ ಅಂದಿರಲಿಕ್ಕಿಲ್ಲ. ದಿನವಿಡೀ ಜೊತೆಗೆ ತಿರುಗಿದವಳಿಗೆ ಬೇರೆ ಕೂಲಿ ಏನು ಕೊಟ್ಟಿದ್ದರು? ಒಂದು ಮಂಡಕ್ಕಿ-ಮಿರ್ಚಿ, ಒಂದು ಚಾ.

ಆ ಪಾಯಿಂಟಲ್ಲಿ ಒಂದನ್ನೂ ಅವ್ವ ಮುಟ್ಟಿರಲಿಲ್ಲ.

3/8

ಮುಂದಿನ ಭಾನುವಾರ ಮತ್ತೆ ಹೋದೆ. ಈ ಸಲ ನೇರ ಮಾಲೀಕರ ಮಗನ ಹತ್ರ. ಒಳ್ಳೆ ಹುಡುಗ. ಅವ್ವ ಹೋದದ್ದು ಕೇಳಿ ಎದ್ದು ನಿಂತ. "ನಮ್ಮಂಗಡಿಗೆ ಎಷ್ಟು ಮದುವಿ ಕರ್ಕಂಡು ಬಂದಾರ್ರೀ ಅವ್ರು" ಅಂದ. ಆಮೇಲೆ ಕುರ್ಚಿಯಲ್ಲಿ ಕೂತು ಕಂಪ್ಯೂಟರ್ ನೋಡಿ ನಿಯಮ ಹೇಳಿದ.

ಹದಿನೆಂಟು ತಿಂಗಳು ವ್ಯಾಪಾರ ಇಲ್ಲದಿದ್ರೆ ಪಾಯಿಂಟ್ ಹೋಗ್ತವೆ. ಅವ್ವನ ನಂಬರಿನ ಕೊನೇ ಬಿಲ್ಲು 2024ರ ಅಕ್ಟೋಬರ್, ಅಂದ್ರೆ ಏಪ್ರಿಲ್‌ವರೆಗೆ ಟೈಮು. ಮರಣ ಪ್ರಮಾಣ ಪತ್ರ ಬೇಕು. ಮಕ್ಕಳೆಲ್ಲರ ಒಪ್ಪಿಗೆ ಪತ್ರ ಬೇಕು, ನೋಟರಿ ಆಗಿರಬೇಕು. ಆ ನಂಬರಿಗೆ ಬರೋ ಓಟಿಪಿ ಬೇಕು.

"2,846 ರೂಪಾಯಿಗೆ ನೋಟರಿ ಏನಪ್ಪಾ?"

"ಒಂದ್ ಸಲ ಹಿಂಗ ಕೊಟ್ಟಿದ್ದಕ್ಕ ಅಣ್ಣ-ತಮ್ಮ ಅಂಗಡಿಯಾಗ ಜಗಳಕ್ಕ ಬಿದ್ರು ಮೇಡಂ. ಅವತ್ತಿಂದ ಅಪ್ಪಾಜಿ ಹಿಂಗ ಮಾಡ್ಯಾರ."

ಕಾಗದ ನೋಡಿ ಅವನಿಗೆ ಇನ್ನೊಂದು ಗೊಂದಲ. ಅವ್ವನ ಹಳೇ ಆಧಾರಿನಲ್ಲಿ ಕೂಡ್ಲಿಗಿ ತಾಲ್ಲೂಕು, ಬಳ್ಳಾರಿ ಜಿಲ್ಲೆ. ಮರಣ ಪ್ರಮಾಣ ಪತ್ರದಲ್ಲಿ ಕೊಟ್ಟೂರು ತಾಲ್ಲೂಕು, ವಿಜಯನಗರ ಜಿಲ್ಲೆ. ನಮ್ಮ ಕಡೆಯವರಿಗೆ ಇದು ಹೊಸದಲ್ಲ. 2018ರ ಹೊತ್ತಿಗೆ ಕೊಟ್ಟೂರು ತಾಲ್ಲೂಕಾಯ್ತು, 2021ರಲ್ಲಿ ವಿಜಯನಗರ ಜಿಲ್ಲೆ ಆಯ್ತು. ಹರಪನಹಳ್ಳಿಯವರಂತೂ 1997ರಲ್ಲಿ ದಾವಣಗೆರೆ ಸೇರಿ, ತಿರುಗಿ ಬಳ್ಳಾರಿಗೆ ಬಂದು, ಈಗ ವಿಜಯನಗರದಲ್ಲಿದ್ದಾರೆ. ಅವ್ವ ಮಾತ್ರ ಮದುವೆಯಾಗಿ ಬಂದ ಮನೆ ಬಿಟ್ಟು ಎಲ್ಲೂ ಹೋಗಿರಲಿಲ್ಲ.

ಅದಕ್ಕೆಲ್ಲ ಉತ್ತರ ಇತ್ತು. ನನ್ನ ಹತ್ರ ಉತ್ತರ ಇಲ್ಲದೆ ಇದ್ದದ್ದು "ಮಕ್ಕಳೆಲ್ಲರ ಒಪ್ಪಿಗೆ" ಅನ್ನೋದಕ್ಕೆ.

4/8

ನಾವು ಇಬ್ಬರೇ. ನಾನು, ನನ್ನ ತಮ್ಮ. ಅವನು ಹಡಗಲಿಯಲ್ಲಿ ಸರ್ಕಾರಿ ಬಸ್ಸಿನ ಕಂಡಕ್ಟರ್.

ಅವ್ವನ ಹನ್ನೊಂದನೇ ದಿನಕ್ಕೆ ನಾನು ಅವ್ವನ ಬೋರಮಾಳ ಎಲ್ಲಿ ಅಂತ ಕೇಳಿದೆ. ಎರಡು ತೊಲದ್ದು. "ನಿನಗ ಇದು" ಅಂತ ಅವ್ವ ನೂರು ಸಲ ಅಂದಿದ್ದಳು. ತಮ್ಮ ತಲೆ ತಗ್ಗಿಸಿ, "ಅದಿಲ್ಲ ಈಗ" ಅಂದ. ಬೀಗರೂ ನೆಂಟರೂ ಕೂತಿದ್ದ ಪಡಸಾಲೆಯಲ್ಲಿ ನಾನು ಅವನಿಗೆ ಕಳ್ಳ ಅಂದೆ. ಇಲ್ಲಿ ಆ ಶಬ್ದ ಮೆತ್ತಗೆ ಮಾಡಿ ಬರೆಯೋದಿಲ್ಲ. ಕಳ್ಳ ಅಂತಲೇ ಅಂದೆ.

ಆಮೇಲೆ ಮಾತಿಲ್ಲ. 2025ರ ಜುಲೈ 29 ಪಂಚಮಿ. ನಮ್ಮ ಕಡೆ ಪಂಚಮಿ ಅಂದ್ರೆ ಅಣ್ಣ-ತಮ್ಮಂದಿರು ಬಂದು ಹೆಣ್ಮಕ್ಕಳನ್ನ ತವರಿಗೆ ಕರ್ಕೊಂಡು ಹೋಗೋ ಹಬ್ಬ. ನನ್ನನ್ನ ಕರೆಯೋಕೆ ಯಾರೂ ಬರಲಿಲ್ಲ. ಅವತ್ತು ರಾತ್ರಿ ಎಲ್ಲರೂ ಮಲಗಿದ ಮೇಲೆ ಸುಮ್ಮನೆ ಅವ್ವನ ನಂಬರಿಗೆ ಹಚ್ಚಿದೆ. ರಿಂಗ್ ಆಯ್ತು. ಎರಡು ರಿಂಗಿಗೆ ಕಟ್ ಮಾಡಿದೆ. ಆ ನಂಬರ್ ಬೇರೆ ಯಾರಿಗೋ ಹೋಗಿರಬೇಕು ಅಂದುಕೊಂಡೆ.

ಈ ಫೋಟೊದಲ್ಲಿ ಇರೋ ಟಿಕೆಟ್ ಸೆಪ್ಟೆಂಬರಿನದು. ಶಕ್ತಿ ಯೋಜನೆಯ ಶೂನ್ಯ ಟಿಕೆಟು. ಹಡಗಲಿ ಬಸ್ ಹತ್ತಿ ಕೂತ ಮೇಲೆ ನೋಡಿದೆ, ಕಂಡಕ್ಟರ್ ಅವನೇ. ಹತ್ರ ಬಂದ. ನನ್ನ ಮುಖ ನೋಡಲಿಲ್ಲ. "ಎಲ್ಲಿಗ್ರಿ?" ಅಂದ. ಹುಟ್ಟಿದಾಗಿಂದ "ಅಕ್ಕಾ, ನೀ" ಅಂತಿದ್ದವನು. ನಾನೂ ಆಧಾರ್ ಕಾರ್ಡ್ ತೆಗೆದು ತೋರಿಸಿದೆ. ನನ್ನ ತಮ್ಮನಿಗೆ ನನ್ನ ಗುರುತಿನ ಚೀಟಿ ತೋರಿಸಿದೆ!

5/8

ಹೀಗಾಗಿ ಒಪ್ಪಿಗೆ ಪತ್ರದ ಮಾತು ಬಂದಾಗ ಬಿಟ್ಟುಬಿಡೋಣ ಅನ್ನಿಸ್ತು. ಹದಿನೈದು ದಿನ ಬಿಟ್ಟೂ ಇದ್ದೆ. ಆದರೆ ತಲೆಯಲ್ಲಿ ಒಂದು ಹುಳ ಹೊಕ್ಕಿತ್ತು.

ಪಾಯಿಂಟ್ ಕೊಡೋ ವ್ಯಾಪಾರ ಹಳೇದು. ಅಮೆರಿಕದಲ್ಲಿ ಸ್ಪೆರಿ ಅಂಡ್ ಹಚಿನ್ಸನ್ ಅನ್ನೋ ಕಂಪನಿ 1896ರಲ್ಲೇ ಹಸಿರು ಸ್ಟಾಂಪ್ ಶುರು ಮಾಡಿತ್ತು. ಬಿಲ್ಲಿಗೆ ತಕ್ಕಂತೆ ಸ್ಟಾಂಪು, ಪುಸ್ತಕಕ್ಕೆ ಅಂಟಿಸಿ ತುಂಬಿದ ಮೇಲೆ ಸಾಮಾನು. ಅದು ಕಾಗದ. ಡ್ರಾಯರ್‌ನಲ್ಲಿ ಸಿಕ್ಕರೆ ಮಕ್ಕಳೂ ತಗೊಂಡು ಹೋಗಬಹುದಿತ್ತು. ಈಗ ಕಾಗದ ಇಲ್ಲ. ಒಂದು ಹೆಸರು, ಒಂದು ನಂಬರು, ಕಂಪ್ಯೂಟರಿನಲ್ಲಿ. ಎಷ್ಟೋ ಏರ್‌ಲೈನ್ಸಿನವರು, ಪಾಯಿಂಟು ನಿಮ್ಮ ಆಸ್ತಿಯಲ್ಲ ಅಂತ ನಿಯಮದಲ್ಲೇ ಬರೆದಿರ್ತಾರೆ. ಆ ಹೆಸರಿನ ಮನುಷ್ಯ ಹೋದ್ರೆ ಉಳಿದದ್ದು ಕೊಡೋದು ಬಿಡೋದು ಅವರ ಮರ್ಜಿ.

ಸಾಲ ಹಾಗಲ್ಲ. ಅಪ್ಪ ಹೋದಾಗ ಕಿರಾಣಿ ಅಂಗಡಿಯವರು ಉದ್ರಿ ಪುಸ್ತಕ ತಗೊಂಡು ಮನೆಗೇ ಬಂದಿದ್ದರು. ಯಾರೂ ಒಪ್ಪಿಗೆ ಪತ್ರ ಕೇಳಲಿಲ್ಲ, ನೋಟರಿ ಕೇಳಲಿಲ್ಲ. ಕಾನೂನು ಪ್ರಕಾರ ವಾರಸುದಾರರು ತಮಗೆ ಬಂದ ಆಸ್ತಿಯಷ್ಟಕ್ಕೆ ಮಾತ್ರ ಹೊಣೆ. ಊರಿನಲ್ಲಿ ಆ ಲೆಕ್ಕ ನಡೆಯೋದಿಲ್ಲ. ಅವ್ವ ಎರಡು ವರ್ಷ ಜಂಪರ್ ಹೊಲಿದು ತೀರಿಸಿದಳು.

ಹಾಗಾದ್ರೆ ಅವ್ವ ದಾವಣಗೆರೆ ಆಸ್ಪತ್ರೆಯಲ್ಲಿ ಹತ್ತೊಂಬತ್ತು ದಿನ ಇದ್ದಳಲ್ಲ, ಆ ಬಿಲ್ಲು ಯಾರು ಕಟ್ಟಿದ್ರು? ನಾನು ಕೇಳಿರಲೇ ಇಲ್ಲ. ಬಿಲ್ಲಿಗೆ ನನ್ನ ಸಹಿ ಯಾರೂ ಕೇಳಿರಲಿಲ್ಲ. 2,846 ರೂಪಾಯಿ ಬರೋದಕ್ಕೆ ಇಬ್ಬರ ಸಹಿ ಬೇಕು ಅಂದಾಗಲೇ ನನಗೆ ಅದು ನೆನಪಾಗಿದ್ದು.

6/8

ಜನವರಿಯಲ್ಲಿ ಫೋನ್ ಹಚ್ಚಿದೆ. ಅವನ ನಂಬರಿಗಲ್ಲ, ಅವ್ವನ ನಂಬರಿಗೆ. ಅವನಿಗೆ ನೇರ ಹಚ್ಚೋಕೆ ಧೈರ್ಯ ಇರಲಿಲ್ಲ. ಯಾರಾದ್ರೂ ಎತ್ತಿದ್ರೆ ರಾಂಗ್ ನಂಬರ್ ಅಂದರಾಯ್ತು, ಓಟಿಪಿ ಸಿಗಲ್ಲ, ಕಥೆ ಮುಗೀತು ಅಂದುಕೊಂಡಿದ್ದೆ.

ನಾಲ್ಕನೇ ರಿಂಗಿಗೆ ಎತ್ತಿದ.

"ಹೇಳಕ್ಕ."

ಸ್ವಲ್ಪ ಹೊತ್ತು ಇಬ್ಬರೂ ಸುಮ್ಮನೆ. ಹಿಂದೆ ಬಸ್ ಸ್ಟ್ಯಾಂಡಿನ ಗದ್ದಲ ಕೇಳಿಸ್ತಿತ್ತು.

"ಈ ನಂಬರ್ ಇನ್ನೂ ಇಟ್ಟೀಯೇನೋ?"

"ತಿಂಗ್ಳಾ ರೀಚಾರ್ಜ್ ಮಾಡ್ತೀನಿ."

"ಯಾಕ?"

"ಪಂಚಮಿ ದಿನ ನೀ ಹಚ್ಚಿದ್ದೆಲ್ಲ. ಇನ್ನೊಂದ್ ಸಲ ಹಚ್ಚಿದ್ರ ಅಂತ."

ಪಾಯಿಂಟಿನ ವಿಷಯ ಹೇಳಿದೆ. ಅವನು ನಕ್ಕ. "ಅಷ್ಟು ಜನರ ಬಿಲ್ಲು ತನ್ನ ನಂಬರಿಗೆ ಹಾಕಿಸ್ಯಾಳ ನೋಡು ಮುದುಕಿ" ಅಂದ. ಆಮೇಲೆ ಅವನೇ ಹೇಳಿದ, ನಾನು ಕೇಳಲಿಲ್ಲ: "ಬೋರಮಾಳ ಮಾರಿಲ್ಲಕ್ಕ. ಆಸ್ಪತ್ರಿಗೆ ಅಡ ಇಟ್ಟೀನಿ. ಅವತ್ತು ಮಂದಿ ಮುಂದ ಹೆಂಗ ಹೇಳ್ಲಿ, ಅವ್ವನ ಬಂಗಾರ ಅಡ ಇಟ್ಟೀನಿ ಅಂತ?"

ಬಡ್ಡಿ ಕಟ್ಟುತ್ತಾ ಇದ್ದಾನೆ. ಇನ್ನೂ ಬಿಡಿಸಿಲ್ಲ.

7/8

ಕೂಡ್ಲಿಗಿ ಕೋರ್ಟ್ ಹತ್ರ ನೋಟರಿ ಮಾಡಿಸಿದೆವು. ಛಾಪಾ ಕಾಗದ, ಟೈಪಿಂಗ್, ನೋಟರಿ, ಜೆರಾಕ್ಸ್ ಎಲ್ಲಾ ಸೇರಿ 420 ರೂಪಾಯಿ. ಅವನು ರಜೆ ಹಾಕಿ ಬಂದಿದ್ದ, ಆ ದಿನದ ಲೆಕ್ಕ ಬೇರೆ. ಕೆಲಸ ಮುಗಿದ ಮೇಲೆ ಗಾಂಧೀಜಿ ಚಿತಾಭಸ್ಮ ಇಟ್ಟಿರೋ ಸ್ಮಾರಕದ ಹತ್ರ ಕೂತು ಮಂಡಕ್ಕಿ ತಿಂದೆವು. ಆ ಪಡಸಾಲೆಯಲ್ಲಿ ಅಂದ ಮಾತಿಗೆ ತಪ್ಪಾಯ್ತು ಅಂದೆ. ಅವನು ಮೆಣಸಿನಕಾಯಿ ತೊಟ್ಟು ಮುರೀತಾ "ಹೂಂ" ಅಂದ. ಅಷ್ಟೇ. ಇನ್ನೇನು ಅನ್ನಬೇಕಿತ್ತು?

ಅಂಗಡಿಯಲ್ಲಿ ಅವ್ವನ ಕೀಪ್ಯಾಡ್ ಫೋನು ಕೌಂಟರಿನ ಮೇಲಿಟ್ಟೆವು. ಅದೇ ಹುಡುಗಿ. ಟಣ್ ಅಂತು. ತಮ್ಮ ಆರು ಅಂಕಿ ಓದಿದ.

ಏನು ತಗೊಳ್ಳೋದು ಅಂತ ದಾರಿಯಲ್ಲೇ ಮಾತಾಗಿತ್ತು. ಆ ಪಾಯಿಂಟು ಕೊಟ್ಟವರು ಊರ ಹೆಣ್ಮಕ್ಕಳು. 70 ರೂಪಾಯಿಯ ಕಣ, ನಲವತ್ತು. 2,800 ಆಯ್ತು. ಉಳಿದ 46 ರೂಪಾಯಿಗೆ ಹೊಲಿಗೆ ದಾರದ ಉಂಡೆ.

ಈ ಸಲದ ಕೊಟ್ಟೂರೇಶ್ವರನ ತೇರಿಗೆ ಊರಿಗೆ ಹೋದಾಗ ಮನೆಮನೆಗೆ ಕೊಟ್ಟು ಬಂದೆವು. ತಮ್ಮ ಹಡಗಲಿಯಿಂದ ಮಲ್ಲಿಗೆ ತಂದಿದ್ದ. ಸೀಸನ್ ಈಗಷ್ಟೇ ಶುರು, ತುಟ್ಟಿ, ಎರಡೇ ಮೊಳ. ಅವ್ವನ ಫೋಟೊಕ್ಕೆ ಹಾಕಿದೆವು. ಮೂರನೇ ಮನೆಯ ಅಜ್ಜಿ ಕಣ ತಗೊಂಡು ಎರಡೂ ಕಡೆ ಹೊರಳಿಸಿ ನೋಡಿ, "ಚೊಲೋ ಐತೆವ್ವಾ, ಈಗ ಹೊಲಿಯೋರು ಯಾರು?" ಅಂದಳು.

8/8

ಕೊನೇ ಫೋಟೊದಲ್ಲಿ ದಾರದ ಉಂಡೆಗಳು. ಮಿಷನ್ ಡ್ರಾಯರಿನಲ್ಲೇ ಇಟ್ಟಿದ್ದೇನೆ.

ಈ ಓಡಾಟದಲ್ಲಿ ಕಲಿತದ್ದು ನಾಲ್ಕು ಮಾತು ಬರೀತೀನಿ, ಯಾರಿಗಾದ್ರೂ ಬೇಕಾಗಬಹುದು.

ಮನೆಯಲ್ಲಿ ಯಾರಾದ್ರೂ ಹೋದ್ರೆ 21 ದಿನದೊಳಗೆ ಮರಣ ನೋಂದಣಿ ಮಾಡಿಸಿ. ತಡವಾದಷ್ಟೂ ಓಡಾಟ ಜಾಸ್ತಿ.

ಅವರ ಸಿಮ್ ತಕ್ಷಣ ಬಿಡಬೇಡಿ. ಮೂರು ತಿಂಗಳು ಬಳಕೆ ಇಲ್ಲದಿದ್ರೆ ನಂಬರು ಬಂದ್ ಆಗಬಹುದು, ಮುಂದೆ ಬೇರೆಯವರ ಪಾಲಾಗಬಹುದು. ಅಂಗಡಿಯ ಪಾಯಿಂಟು ಅಂಗಡಿಯವರಿಗೆ ಹೇಳಿ, ಅವರ ಮುಂದೆಯೇ ತಗೊಳ್ಳಿ. ಆದರೆ ಬ್ಯಾಂಕಿನ ದುಡ್ಡನ್ನ ಮಾತ್ರ ಅವರ ಓಟಿಪಿ, ಎಟಿಎಂ ಕಾರ್ಡಿನಿಂದ ತೆಗೆಯೋಕೆ ಹೋಗಬೇಡಿ. ಅದಕ್ಕೆ ಬ್ಯಾಂಕಿನಲ್ಲಿ ಕ್ಲೇಮ್ ಅರ್ಜಿ ಇದೆ, ನಾಮಿನಿ ಇದ್ರೆ ಸುಲಭ.

ಪಾಸ್‌ಬುಕ್ ಎಂಟ್ರಿ ಹಾಕಿಸಿ ನೋಡಿ. ಮೇ ಕೊನೆಗೆ 436 ರೂಪಾಯಿ ಕಡಿತ ಆಗಿದ್ರೆ ಅದು ಜೀವನ್ ಜ್ಯೋತಿ ವಿಮೆ, 2 ಲಕ್ಷ ರೂಪಾಯಿಯದು. 20 ರೂಪಾಯಿ ಕಡಿತ ಆಗಿದ್ರೆ ಸುರಕ್ಷಾ ಬಿಮಾ, ಅಪಘಾತದ್ದು. ಅವ್ವನಿಗೆ ವಯಸ್ಸು ಮೀರಿತ್ತು, ಜೀವನ್ ಜ್ಯೋತಿ ಇರಲಿಲ್ಲ. ನಿಮ್ಮವರದು ಇರಬಹುದು. ತಡ ಮಾಡದೆ ಕೇಳಿ.

ಹಳೇ ಖಾತೆ ಯಾವ ಬ್ಯಾಂಕಿನಲ್ಲಿತ್ತೋ ನೆನಪಿಲ್ಲದಿದ್ರೆ ರಿಸರ್ವ್ ಬ್ಯಾಂಕಿನ ಉದ್ಗಮ್ ಪೋರ್ಟಲ್ ಇದೆ, 2023ರಿಂದ. ಹತ್ತು ವರ್ಷ ಯಾರೂ ಮುಟ್ಟದ ಠೇವಣಿಯನ್ನ ಬ್ಯಾಂಕು ರಿಸರ್ವ್ ಬ್ಯಾಂಕಿನ ನಿಧಿಗೆ ಕಳಿಸುತ್ತೆ. ಆಮೇಲೂ ವಾರಸುದಾರರು ಕೇಳಿ ಪಡೀಬಹುದು. ಪಾಯಿಂಟಿಗೆ ಅಂಥಾ ಕಾಯುವವರು ಯಾರೂ ಇಲ್ಲ.

ಅವ್ವನ ನಂಬರು ಇನ್ನೂ ಇದೆ. ಈ ತಿಂಗಳ ರೀಚಾರ್ಜ್ ನನ್ನದು. ಪಂಚಮಿಗೆ ಕರಿಯಾಕ ಬರ್ತೀನಿ ಅಂದಿದ್ದಾನೆ ತಮ್ಮ. ಡ್ಯೂಟಿ ಇದ್ರೆ ಬಸ್ಸಿನಲ್ಲೇ ಬರ್ತಾನಂತೆ. ಟಿಕೆಟ್ ತಗೋ ಅಂತಾನೆ, ಶೂನ್ಯದ್ದು.

#ಅವ್ವ #ಕೊಟ್ಟೂರು #ನಮ್ಮಕಡೆಕತಿ